ಫ್ಲೋರಿಡಾದ 537 ಮತಗಳು

ನನ್ನೊಬ್ಬನ ಮತದಿಂದ ಏನಾದೀತು ಎನ್ನುವವರಿಗೆ 2000ರ ಅಮೆರಿಕಾ ಅಧ್ಯಕ್ಷ ಚುನಾವಣೆಯ ಕಥೆ ಹೇಳಿ. ಸುಮಾರು 60 ಲಕ್ಷ ಮತ ಚಲಾವಣೆಯಾದ ಫ್ಲೋರಿಡಾದಲ್ಲಿ ಜಾರ್ಜ್ ಬುಷ್ ಗೆದ್ದದ್ದು ಕೇವಲ 537 ಮತಗಳಿಂದ. ರಾಜ್ಯದ 25 ಎಲೆಕ್ಟೋರಲ್ ಮತಗಳೂ ಅವರ ಪಾಲಾದವು. ದೇಶದಾದ್ಯಂತ 5 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದ ಅಲ್ ಗೋರ್ ಸೋತರು!

ಪಾಮ್ ಬೀಚ್ ಕೌಂಟಿಯ ಮತಪತ್ರವನ್ನು ಊಹಿಸಿಕೊಳ್ಳಿ. ಎರಡೂ ಬದಿಗೆ ಹೆಸರುಗಳು, ನಡುವೆ ರಂಧ್ರಗಳ ಸಾಲು. ಎಡಬದಿಯಲ್ಲಿ ಗೋರ್ ಹೆಸರು ಎರಡನೆಯದು. ಎರಡನೆಯ ರಂಧ್ರ ಮಾತ್ರ ಬಲಬದಿಯ ಪ್ಯಾಟ್ ಬುಕಾನನ್‌ರದು. ಸಾವಿರಾರು ಮತದಾರರು ಇಲ್ಲಿಯೇ ಎಡವಿದರು. ತೂತು ಪೂರ್ತಿ ಬೀಳದ ಪತ್ರಗಳನ್ನು ಅಧಿಕಾರಿಗಳು ಬೆಳಕಿಗೆ ಹಿಡಿದು ಪರೀಕ್ಷಿಸಿದರು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ 5-4ರ ತೀರ್ಪಿನಿಂದ ಮರುಎಣಿಕೆಗೆ ತೆರೆ ಎಳೆಯಿತು. ಮರುದಿನ ಗೋರ್ ಸೋಲೊಪ್ಪಿಕೊಂಡರು.

ಅತ್ತಿತ್ತ ತೂಗುತ್ತಿದ್ದ ಅದೇ ಫ್ಲೋರಿಡಾದಲ್ಲಿ 2024ರಲ್ಲಿ ಟ್ರಂಪ್ ಗೆಲುವಿನ ಅಂತರ 14 ಲಕ್ಷ ದಾಟಿತ್ತು.