ಬಿಸಿನೀರಿನ ತೊಟ್ಟಿಯ ನಿಜವಾದ ಬೆಲೆ

ವಸ್ತುವಿನ ಕ್ರಯ ಬೇರೆ, ಅದರ ವೆಚ್ಚ ಬೇರೆ. ಆನೆಯನ್ನು ಕೊಳ್ಳುವುದಕ್ಕಿಂತ ಸಾಕುವುದು ಕಷ್ಟವೆಂದು ನಮ್ಮ ಹಿರಿಯರು ಹೇಳಿದುದು ಈ ಅಂತರವನ್ನು ಕಂಡೇ ಇರಬೇಕು. ಇಂದು ಅನುಕೂಲಸ್ಥರ ಮನೆಗಳಿಗೆ ಬಂದು ಸೇರುತ್ತಿರುವ ‘ಹಾಟ್ ಟಬ್’ ಎಂಬ ಬಿಸಿನೀರಿನ ತೊಟ್ಟಿಗೆ ಅಂಗಡಿಯವನು ಒಂದು ಬೆಲೆ ಹೇಳುತ್ತಾನೆ. ವಿದ್ಯುತ್ತು, ನೀರು, ಕ್ಲೋರಿನ್, ದುರಸ್ತಿ ಇವು ವರ್ಷವರ್ಷವೂ ಮತ್ತೊಂದು ಬೆಲೆ ಹೇಳುತ್ತವೆ. ಈ ಎರಡನೆಯ ಬೆಲೆಯ ಇತಿಹಾಸವನ್ನು ತಿಳಿಯಬೇಕಾದರೆ ಪ್ರಾಚೀನ ರೋಮನರ ಬಳಿಗೆ ಹೋಗಬೇಕು. ಬಿಸಿನೀರಿನ ಸುಖಕ್ಕೆ ಅವರು ಎಷ್ಟು ಮರುಳಾಗಿದ್ದರೋ ಅದರ ಲೆಕ್ಕದಲ್ಲಿಯೂ ಅಷ್ಟೇ ಎಚ್ಚರವಾಗಿದ್ದರು.

ಉತ್ತರ ಇಟಲಿಯ ಕೋಮೋ ಪಟ್ಟಣದಲ್ಲಿ ಹುಟ್ಟಿದ ಕಿರಿಯ ಪ್ಲಿನಿ ಕ್ರಿ. ಶ. ಒಂದನೆಯ ಶತಮಾನದ ಕೊನೆ, ಎರಡನೆಯದರ ಆರಂಭದಲ್ಲಿ ಬಾಳಿದ ಅಧಿಕಾರಿ. ಸೊಗಸಾದ ಪತ್ರಗಳ ಲೇಖಕ. ತನ್ನ ಊರಿಗೆ ಒಂದು ಸ್ನಾನಗೃಹ ಆಗಬೇಕೆಂದು ಅವನು ಮರಣಶಾಸನ ಬರೆದಿಟ್ಟ. ಆ ದಾನವನ್ನು ಸಾರುವ ಕಲ್ಲುಬರಹದಲ್ಲಿ ಮೂರು ಮೊತ್ತಗಳಿದ್ದುವು: ಕಟ್ಟಡಕ್ಕೆ ಒಂದು, ಅಲಂಕಾರಕ್ಕೆ ಒಂದು, ಮುಂದಿನ ಪೋಷಣೆಗೆ ಒಂದು. ಕಟ್ಟಡದ ಮೊತ್ತ ನಮ್ಮ ಕಾಲದವರೆಗೆ ಉಳಿದುಬಂದಿಲ್ಲ. ಅಲಂಕಾರಕ್ಕೆ 3 ಲಕ್ಷಕ್ಕೆ ಕಡಿಮೆಯಿಲ್ಲದ ಸೆಸ್ಟರ್ಸ್ ನಾಣ್ಯಗಳೆಂದೂ ಪೋಷಣೆಗೆ 2 ಲಕ್ಷವೆಂದೂ ತಿಳಿದುಬರುತ್ತದೆ. ಇದೇ ಪ್ಲಿನಿ ಬಡಮಕ್ಕಳಿಗಾಗಿ ಮಾಡಿದ ಇನ್ನೊಂದು ದತ್ತಿಯಲ್ಲಿ 5 ಲಕ್ಷಕ್ಕೆ ವರ್ಷಕ್ಕೆ 30,000 ಉತ್ಪತ್ತಿಯನ್ನು ಲೆಕ್ಕಹಾಕಿದ್ದಾನೆ. ಎಂದರೆ ನೂರಕ್ಕೆ 6. ಆ ದರದಲ್ಲಿ ಸ್ನಾನಗೃಹದ ಪೋಷಣನಿಧಿಯಿಂದ ವರ್ಷಕ್ಕೆ 12,000 ಬಂದಿತು. ಆಗಿನ ಸಾಮಾನ್ಯ ಸೈನಿಕನ ವಾರ್ಷಿಕ ಸಂಬಳ 1,200. ಹತ್ತು ಸೈನಿಕರ ಸಂಬಳ ಒಂದು ಊರಿನ ಬಚ್ಚಲಿಗೆ!

ಇಷ್ಟು ಹಣ ಏತಕ್ಕೆ ಬೇಕು? ರಚನೆಯನ್ನು ನೋಡಿದರೆ ತಿಳಿಯುತ್ತದೆ. ಸ್ನಾನಗೃಹದ ನೆಲ ಟೊಳ್ಳು. ಸುಮಾರು ಎರಡು ಅಡಿ ಎತ್ತರದ ಇಟ್ಟಿಗೆಯ ಕಿರುಗಂಬಗಳ ಸಾಲಿನ ಮೇಲೆ ಅದು ನಿಂತಿರುತ್ತಿತ್ತು. ಹೊರಗಿನ ಒಲೆಯ ಉರಿ ಆ ಗಂಬಗಳ ನಡುವೆ ಹಾಯ್ದು, ಗೋಡೆಯೊಳಗಿನ ಪೊಳ್ಳು ಹೆಂಚುಗಳ ಮೂಲಕ ಮೇಲೇರುತ್ತಿತ್ತು. ಒಲೆಯ ಮೇಲೆ ಬಿಸಿ, ಉಗುರುಬೆಚ್ಚಗೆ, ತಣ್ಣಗೆ ಎಂದು ಮೂರು ಕಂಚಿನ ಹಂಡೆಗಳನ್ನು ಇರಿಸಬೇಕೆಂದೂ, ಬಿಸಿಯ ಹಂಡೆಯಿಂದ ಎಷ್ಟು ನೀರು ಹೋಯಿತೋ ಅಷ್ಟು ಬೆಚ್ಚನೆಯ ಹಂಡೆಯಿಂದ ಬಂದು ತುಂಬಬೇಕೆಂದೂ ವಾಸ್ತುಶಾಸ್ತ್ರಜ್ಞ ವಿಟ್ರುವಿಯಸ್ ವಿಧಿಸಿದ್ದಾನೆ. ಬಚ್ಚಲೊಲೆಗೆ ಸೌದೆ ಒಟ್ಟಿ ಬಲ್ಲವರಿಗೆ ಇದರ ಜಾಣತನವೂ ತಿಳಿಯುತ್ತದೆ, ಹಸಿವೂ ತಿಳಿಯುತ್ತದೆ. ನಮ್ಮ ಮನೆಯ ಹಂಡೆಯೊಂದಕ್ಕೆ ಒಂದು ಹೊರೆ ಸೌದೆ ಸಾಕು. ಇಲ್ಲಿ ನೀರಿನೊಡನೆ ನೆಲವೂ ಗೋಡೆಯೂ ಕಾಯಬೇಕು.

ಸೌದೆಯ ಬೆಲೆ ಎಂಥದೆಂಬುದಕ್ಕೆ ಪೋರ್ಚುಗಲ್ಲಿನ ಗಣಿಯೂರು ವಿಪಾಸ್ಕದಲ್ಲಿ 1876ರಲ್ಲಿ ದೊರೆತ ಕಂಚಿನ ಫಲಕವೊಂದು ಸಾಕ್ಷಿ. ಅಲ್ಲಿಯ ಸ್ನಾನಗೃಹವನ್ನು ಗುತ್ತಿಗೆಗೆ ಕೊಡುತ್ತಿದ್ದರು. ಗುತ್ತಿಗೆದಾರನು ದಿನವೂ ನೀರು ಕಾಯಿಸಬೇಕು. ಕಂಚಿನ ಪಾತ್ರೆಗಳನ್ನು ಮೂವತ್ತು ದಿನಕ್ಕೊಮ್ಮೆ ತೊಳೆದು, ಒರಸಿ, ಹೊಸ ಕೊಬ್ಬನ್ನು ಸವರಬೇಕು. ಉರಿಸಲು ಬಾರದ ಕಡ್ಡಿಗಳನ್ನು ಬಿಟ್ಟು ಬೇರೆ ಸೌದೆಯನ್ನು ಮಾರಿದರೆ ಒಂದೊಂದು ಮಾರಾಟಕ್ಕೂ 100 ಸೆಸ್ಟರ್ಸ್ ದಂಡ. ಸ್ನಾನಕ್ಕೆ ಬಂದ ಗಂಡಸು ಕೊಡಬೇಕಾದುದು ಅರ್ಧ ಆಸ್, ಹೆಂಗಸು ಒಂದು ಆಸ್. ನಾಲ್ಕು ಆಸ್‌ಗೆ ಒಂದು ಸೆಸ್ಟರ್ಸ್. ಸೌದೆ ಕದ್ದು ಮಾರಿದವನ ದಂಡ ಎಂಟುನೂರು ಗಂಡಸರ ಸ್ನಾನಕ್ಕೆ ಸಮನೆಂದಾಯಿತು.

ಕ್ರಿ. ಶ. 110ರ ಸುಮಾರಿಗೆ ಪ್ಲಿನಿ ಇಂದಿನ ಟರ್ಕಿಯ ವಾಯವ್ಯದಲ್ಲಿದ್ದ ಬಿಥಿನಿಯ ಪ್ರಾಂತದ ಅಧಿಕಾರಿಯಾಗಿ ಹೋದ. ಪ್ರೂಸ, ಎಂದರೆ ಈಗಿನ ಬುರ್ಸಾ ಪಟ್ಟಣದವರು ತಮ್ಮ ಸ್ನಾನಗೃಹ ಹಳೆಯದು, ಕೊಳಕಾದುದು, ಹೊಸದು ಬೇಕೆಂದರು. ಅವನು ಟ್ರಾಜನ್ ಚಕ್ರವರ್ತಿಗೆ ಬರೆದ: ಖಾಸಗಿಯವರಿಂದ ವಸೂಲಾಗಬೇಕಾದ ಹಣವಿದೆ; ಜನ ಎಣ್ಣೆಗೆ ವೆಚ್ಚಮಾಡುವ ಹಣವನ್ನೂ ಇದಕ್ಕೆ ಬಿಟ್ಟುಕೊಡಲು ಸಿದ್ಧರಿದ್ದಾರೆ. ಬಿಸಿನೀರಿನ ಆಸೆಗೆ ಜನ ಎಣ್ಣೆಯನ್ನೇ ತೊರೆಯುವುದೆಂದರೆ! ಚಕ್ರವರ್ತಿಯ ಉತ್ತರ ಚಿಕ್ಕದು: ಊರಿನ ಶಕ್ತಿಗೆ ಭಾರವಾಗದಿದ್ದರೆ ಆಗಲಿ, ಆದರೆ ಇದಕ್ಕಾಗಿ ಹೊಸ ತೆರಿಗೆ ಎತ್ತಬಾರದು, ಮುಂದೆ ಅಗತ್ಯದ ವೆಚ್ಚಗಳಿಗೆ ಹಣ ಕಡಿಮೆಯಾಗಬಾರದು. ಇಂದಿನ ಗೃಹಸ್ಥನೂ ಈ ಎರಡು ಷರತ್ತುಗಳನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಅದೇ ಪ್ರಾಂತದ ಕ್ಲಾಡಿಯೊಪೊಲಿಸ್ ಪಟ್ಟಣದವರು ಬೆಟ್ಟದ ಬುಡದ ತಗ್ಗಿನಲ್ಲಿ ಭಾರಿ ಸ್ನಾನಗೃಹವೊಂದಕ್ಕೆ ಅಗೆತ ಹಿಡಿದಿದ್ದರು. ಸ್ಥಳ ಸರಿಯಿಲ್ಲ, ಹಣ ಆಗಲೇ ಹೋಗಿದೆ. ಮುಗಿಸುವುದೋ, ತಿದ್ದುವುದೋ, ಬೇರೆಡೆಗೆ ಒಯ್ಯುವುದೋ ಎಂದು ಪ್ಲಿನಿ ಕೇಳುತ್ತಾನೆ. ಕಳೆದ ಹಣವನ್ನು ಉಳಿಸುವ ಹಟದಲ್ಲಿ ಕೈಯಲ್ಲಿರುವ ಹಣವೂ ಕೆಟ್ಟುಹೋದೀತೆಂಬುದು ಅವನ ಭಯ. ವಾಸ್ತುಶಿಲ್ಪಿಯನ್ನು ಕಳುಹಿಸೆಂದು ಬೇಡಿದರೆ ಚಕ್ರವರ್ತಿ ಒಪ್ಪಲಿಲ್ಲ. ನೀನು ಸ್ಥಳದಲ್ಲಿದ್ದೀಯೆ, ನೀನೇ ತೀರ್ಮಾನಿಸು ಎಂದ.

ಇನ್ನೊಂದು ಬೆಲೆ ಯಾವ ಲೆಕ್ಕಪುಸ್ತಕಕ್ಕೂ ಸೇರದ್ದು. ಹತ್ತು ವರ್ಷಕ್ಕೂ ಹಿಂದೆ ಶಿಕ್ಷೆಗೊಳಗಾದ, ಈಗ ಮುದುಕರಾದ ಕೈದಿಗಳನ್ನು ಏನು ಮಾಡಬೇಕೆಂದು ಪ್ಲಿನಿ ಕೇಳಿದಾಗ, ಶಿಕ್ಷೆಗೆ ಹತ್ತಿರವಾದ ಕೆಲಸ ಕೊಡು ಎಂದು ಟ್ರಾಜನ್ ಬರೆದ. ಅಂಥ ಕೆಲಸಗಳೆಂದು ಅವನು ಎಣಿಸಿದವು ಚರಂಡಿ ಬಳಿಯುವುದು, ದಾರಿ ಹಾಕುವುದು, ಸ್ನಾನಗೃಹದ ಊಳಿಗ. ಮೇಲಿನ ಅಮೃತಶಿಲೆಯ ಮೇಲೆ ಪೌರರು ಹರಟೆಹೊಡೆಯುತ್ತ ಬೆವರಿದರೆ, ಅದೇ ಕಟ್ಟಡದಲ್ಲಿ ಹಣ್ಣುಹಣ್ಣು ಮುದುಕರು ಶಿಕ್ಷೆಯೆಂದು ಬೆವರುತ್ತಿದ್ದರು. ಸುಖದ ಮನೆಯೇ ಸೆರೆಮನೆಯೂ ಆಗಿತ್ತು.

ಪೋಷಣೆ ನಿಂತಾಗ ಏನಾಗುತ್ತದೆಂಬುದನ್ನು ಕ್ರಿ. ಶ. 537ರಲ್ಲಿ ರೋಮ್ ನಗರವೇ ಕಂಡಿತು. ಮುತ್ತಿಗೆ ಹಾಕಿದ ಗಾಥರು ನಗರದ ಮೇಲ್ಗಾಲುವೆಗಳನ್ನು ಕಡಿದರು. ಹಿಟ್ಟಿನ ಗಿರಣಿಗಳು ನಿಂತುವು. ಸೇನಾಪತಿ ಬೆಲಿಸಾರಿಯಸ್ ಟೈಬರ್ ನದಿಯಲ್ಲಿ ದೋಣಿಗಳ ಮೇಲೆ ಗಿರಣಿ ಕಟ್ಟಿಸಿ ಜನರಿಗೆ ಹಿಟ್ಟು ಒದಗಿಸಿದ. ಸ್ನಾನಗೃಹಗಳಿಗೆ ಅಂಥ ಉಪಾಯ ಹೊಳೆಯಲಿಲ್ಲ. ಮಿಂದು ಬದುಕಿದ ಜನ ಸ್ನಾನವಿಲ್ಲದೆ ಕಂಗೆಟ್ಟರೆಂದು ಸಮಕಾಲೀನ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಕ್ಯಾರಕಲ್ಲನ ಮಹಾಸ್ನಾನಗೃಹದ ಗೋಡೆಗಳು ಈಗಲೂ ಆಕಾಶಕ್ಕೆ ತಲೆಯೆತ್ತಿ ನಿಂತಿವೆ. ಕಟ್ಟಡಕ್ಕೇನೂ ಕೊರತೆಯಿರಲಿಲ್ಲ, ಹೋದುದು ನೀರು, ಆರಿದುದು ಒಲೆ.

ಬಿಸಿನೀರಿನ ಸ್ನಾನ ಬೇಡವೆಂದು ಯಾರೂ ಹೇಳಲಾರರು. ದಣಿದ ಮೈಗೆ ಅದಕ್ಕಿಂತ ದೊಡ್ಡ ಉಪಕಾರ ಯಾವುದಿದೆ? ತೊಟ್ಟಿಯನ್ನು ಕೊಳ್ಳುವವರು ಕೊಳ್ಳಲಿ. ಆದರೆ ಕೊಳ್ಳುವ ಮುನ್ನ ಪ್ಲಿನಿಯಂತೆ ಪೋಷಣೆಯ ಮೊತ್ತವನ್ನೂ ಕ್ರಯದ ಪಕ್ಕದಲ್ಲಿಯೇ ಬರೆದುಕೊಳ್ಳಲಿ. ಮನೆಯ ಯಾವ ಎಣ್ಣೆಯ ಹಣ ಇದಕ್ಕೆ ಹೋಗುತ್ತದೆ, ಒಲೆಯ ಬಳಿ ಬೆವರುವವರು ಯಾರು ಎಂಬುದನ್ನೂ ಒಮ್ಮೆ ಕೇಳಿಕೊಳ್ಳಲಿ.