ಎರಡು ಶೆಟ್ಟಿಹಳ್ಳಿಗಳ ನಡುವಿನ ನೀರು

ತುಮಕೂರಿನ ಶೆಟ್ಟಿಹಳ್ಳಿಯಲ್ಲಿರುವವರ ಮನೆಗೆ ನೆಂಟರು ಬಂದರೆ ಭಾನುವಾರ ಕರೆದುಕೊಂಡು ಹೋಗಲು ಇರುವುದು ಹೆಚ್ಚುಕಮ್ಮಿ ಒಂದೇ ಜಾಗ. ದೇವರಾಯನದುರ್ಗ. ದಾರಿಯಲ್ಲಿ ನಾಮದ ಚಿಲುಮೆ, ಅಲ್ಲಿ ಜಿಂಕೆಗಳು, ಬೆಟ್ಟದ ಬುಡದಲ್ಲಿ ಭೋಗನರಸಿಂಹ, ನೆತ್ತಿಯ ಕಡೆಗೆ ಯೋಗನರಸಿಂಹ, ಆಮೇಲೆ ಮಂಡಕ್ಕಿ ತಿಂದು ಇಳಿಯುವುದು. ನಾನು ಚಿಕ್ಕಂದಿನಿಂದ ಈ ಪ್ರವಾಸವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ನಮ್ಮಜ್ಜಿ ಮಾತ್ರ ಇದನ್ನು ಪ್ರವಾಸ ಎಂದವರಲ್ಲ. ಅವರ ಬಾಯಲ್ಲಿ ಅದು ಬರೀ ‘ದುರ್ಗ’. ಫಾಲ್ಗುಣದಲ್ಲಿ ತೇರಿಗೆ ಹೋಗುವ ಜಾಗ. ತಂಪು ಗಾಳಿಗಾಗಿ ಬೆಟ್ಟ ಹತ್ತುವುದೆಂದರೆ ಅವರಿಗೆ ನಗು ಬರುತ್ತಿತ್ತು.

ಅಜ್ಜಿಯ ನಗುವಿನಲ್ಲಿ ಇತಿಹಾಸವೂ ಇತ್ತು ಎಂದು ತಿಳಿಯಲು ನನಗೆ ಪಿಎಚ್‌ಡಿಗೆ ಸೇರಬೇಕಾಯಿತು. ಬೇಸಿಗೆ ಕಳೆಯಲು ಬೆಟ್ಟಕ್ಕೆ ಹೋಗುವ ಅಭ್ಯಾಸ ನಮ್ಮ ಸೀಮೆಗೆ ಹೊಸದು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ನೀಲಗಿರಿ ಹತ್ತಿದ ಮೇಲೆ ಊಟಿ ಹುಟ್ಟಿಕೊಂಡಿತು. ಅಲ್ಲಿ ಅದಾಗಲೇ ತೊದವರೂ ಬಡಗರೂ ಇದ್ದರು, ಅವರಿಗೆ ಅದು ಗಿರಿಧಾಮವಲ್ಲ, ಊರು. ಮೈಸೂರು ಸಂಸ್ಥಾನದಲ್ಲಿ ಈ ಪಾತ್ರ ನಂದಿಬೆಟ್ಟಕ್ಕೆ ಬಂತು. ಟಿಪ್ಪುವಿನ ಕೋಟೆಯನ್ನು 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿಯಿತು, ಮುಂದೆ ಕಮಿಷನರ್ ಮಾರ್ಕ್ ಕಬ್ಬನ್ ಅದೇ ಬೆಟ್ಟದ ಮೇಲೆ ಬಂಗಲೆ ಕಟ್ಟಿಸಿದ. 1927ರ ಬೇಸಿಗೆಯಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದದ್ದೂ ನಂದಿಗೇ. ನಂದಿಗೆ ಹೋಲಿಸಿದರೆ ನಮ್ಮ ದುರ್ಗ ಯಾವಾಗಲೂ ಎರಡನೇ ಸಾಲಿನದು. ಎತ್ತರ ಸುಮಾರು 3,900 ಅಡಿ, ನಂದಿಗಿಂತ ಎಂಟುನೂರು, ಒಂಬೈನೂರು ಅಡಿ ಕಡಿಮೆ. ಹೆಸರಾಂತರ ಬಂಗಲೆಗಳೂ ಇಲ್ಲ.

ಇರುವುದು ಹೆಸರುಗಳು. ಒಂದರ ಮೇಲೊಂದು ಬಳಿದ ಸುಣ್ಣದ ಹಾಗೆ. ಸ್ಥಳಪುರಾಣ ಇದನ್ನು ಕರಿಗಿರಿ ಎನ್ನುತ್ತದೆ. ಹೊಯ್ಸಳರ ಕಾಲದಲ್ಲಿ ಇಲ್ಲಿ ‘ಆನೆಬಿದ್ದಸರಿ’ ಎಂಬ ಪಟ್ಟಣವಿತ್ತೆಂದು ಬಿ.ಎಲ್. ರೈಸ್ ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಬರೆಯುತ್ತಾರೆ. ಆನೆ ಜಾರಿಬಿದ್ದ ಪ್ರಪಾತ ಎಂದು ಅದರ ಅರ್ಥ. ಎರಡು ಹೆಸರಿನಲ್ಲೂ ಆನೆಯಿದೆ. ಹಾಗೆಂದ ಮಾತ್ರಕ್ಕೆ ಇಲ್ಲಿ ಆನೆಗಳ ಹಿಂಡು ಇತ್ತೆಂದು ಬರೆಯಲಾಗದು, ಸ್ಥಳನಾಮ ಸಾಕ್ಷಿಯಲ್ಲ, ಸುಳಿವು ಅಷ್ಟೆ. ಆಮೇಲೆ ಜಡಕನೆಂಬ ಪಾಳೆಯಗಾರನ ಕೈಗೆ ಬಂದು ಜಡಕನದುರ್ಗವಾಯಿತು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಇದನ್ನು ಗೆದ್ದುಕೊಂಡ ಮೇಲೆ ದೇವರಾಯನದುರ್ಗ. ಗೆದ್ದವನು ತನ್ನ ಹೆಸರಿಡುವುದು ಹೊಸದಲ್ಲ. ಸೋತ ಜಡಕನ ಬಗ್ಗೆ ಇನ್ನೂ ಸ್ವಲ್ಪ ಗೊತ್ತಿದ್ದರೆ ಚೆನ್ನಾಗಿತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಇಷ್ಟು ಜನ ಈ ಬೆಟ್ಟಕ್ಕಾಗಿ ಬಡಿದಾಡಲು ಏನು ಕಾರಣ? ಬಂಡೆ ಎಲ್ಲ ಕಡೆಯೂ ಇದೆ, ತುಮಕೂರು ಜಿಲ್ಲೆಯಲ್ಲಿ ಬಂಡೆಗೆ ಬರವಿಲ್ಲ. ಮುತ್ತಿಗೆ ಬಿದ್ದಾಗ ಕೋಟೆಯೊಳಗಿನವರು ಬದುಕಬೇಕಾದರೆ ಮೇಲೆ ನೀರು ಬೇಕು. ದುರ್ಗದ ಮೇಲೆ ನೀರಿತ್ತು. ನರಸಿಂಹತೀರ್ಥ, ಪರಾಶರತೀರ್ಥ, ಪಾದತೀರ್ಥ ಎಂದು ಇಂದು ಕೈಮುಗಿಯುವ ಕೊಳಗಳನ್ನು ಕೋಟೆಯ ಕಣ್ಣಿನಿಂದ ನೋಡಿದರೆ ಅವು ದಾಸ್ತಾನು. ನಾಮದ ಚಿಲುಮೆಯ ಕಥೆಯೂ ನೀರಿನದೇ. ಹಣೆಗೆ ನಾಮವಿಟ್ಟುಕೊಳ್ಳಲು ನೀರು ಸಿಗದೆ ರಾಮ ಬಂಡೆಗೆ ಬಾಣ ಬಿಟ್ಟನಂತೆ, ಅಲ್ಲಿ ಚಿಲುಮೆ ಹುಟ್ಟಿತಂತೆ. ಅರಣ್ಯ ಇಲಾಖೆಯ ಬಂಗಲೆಯಿರುವುದು ಇದರ ಬಳಿಯೇ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ ಸಲೀಂ ಅಲಿ ಬೀಡುಬಿಟ್ಟ ಜಾಗಗಳಲ್ಲಿ ನಾಮದ ಚಿಲುಮೆಯೂ ಒಂದು. ಬಂಡೆ, ಕುರುಚಲು ಕಾಡು ಎರಡೂ ಇದ್ದಲ್ಲಿ ಮಾತ್ರ ಕಾಣುವ ಹಳದಿ ಕೊರಳಿನ ಪಿಕಳಾರವನ್ನು ಹುಡುಕಿಕೊಂಡು ಈಗಲೂ ಕ್ಯಾಮೆರಾದವರು ಬರುತ್ತಾರೆ.

ಈ ಬೆಟ್ಟದ ನಿಜವಾದ ಸೋಜಿಗ ಯಾವ ವ್ಯೂ ಪಾಯಿಂಟಿನಿಂದಲೂ ಕಾಣುವುದಿಲ್ಲ. ಇಲ್ಲಿ ಬಿದ್ದ ಮಳೆ ಎರಡು ದಿಕ್ಕಿಗೆ ಹೋಗುತ್ತದೆ. ಜಯಾ, ಮಂಗಲಿ ಎಂಬ ತೊರೆಗಳು ಕೂಡಿದ ಜಯಮಂಗಲಿ ಉತ್ತರಕ್ಕೆ, ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಆಂಧ್ರದ ಗಡಿಯಲ್ಲಿ ಉತ್ತರ ಪಿನಾಕಿನಿಯನ್ನು ಸೇರಿ ನೆಲ್ಲೂರಿನ ಕಡೆ ಕಡಲಿಗೆ ಹೋಗುತ್ತದೆ. ಮೈದನಹಳ್ಳಿಯ ಕೃಷ್ಣಮೃಗಗಳ ಬಯಲನ್ನು 2007ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದಾಗ ಇಟ್ಟದ್ದು ಈ ಹೊಳೆಯ ಹೆಸರೇ. ಇನ್ನೊಂದು ಶಿಂಷಾ. ಅದು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಅಣೆಕಟ್ಟೆಗೆ ಸಿಕ್ಕಿ, ಮದ್ದೂರಿನ ಮೇಲೆ ಹಾದು ಕಾವೇರಿಯನ್ನು ಸೇರುತ್ತದೆ. ಕಡಬದ ಕೆರೆಯನ್ನೂ ಲಂಕೆಯಿಂದ ಮರಳುವಾಗ ರಾಮನೇ ಕಟ್ಟಿಸಿದ್ದು ಎನ್ನುವ ಐತಿಹ್ಯವಿದೆ. ಬೆಟ್ಟದಲ್ಲಿ ಬಾಣ, ಬಯಲಿನಲ್ಲಿ ಏರಿ. ಈ ಕಡೆಯ ಜನ ರಾಮನಿಗೆ ವಹಿಸಿದ್ದೆಲ್ಲ ನೀರಾವರಿ ಇಲಾಖೆಯ ಕೆಲಸ. ಮಾರ್ಕೋನಹಳ್ಳಿಗೆ ಪುರಾಣದ ಹಂಗಿಲ್ಲ. ಅಲ್ಲಿ ನೀರು ಮಟ್ಟ ಮೀರಿದರೆ ಯಾರೂ ಗೇಟು ಎತ್ತಬೇಕಾಗಿಲ್ಲ, ಸೈಫನ್‌ಗಳು ತಾವಾಗಿ ಎಳೆದು ಹೊರಚೆಲ್ಲುತ್ತವೆ. ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ವಿಧಾನ ಅದು.

ಎರಡು ಹೊಳೆ ಹೆತ್ತ ಬೆಟ್ಟದ ಬುಡದಲ್ಲಿರುವ ತುಮಕೂರು ಕುಡಿಯುವುದು ಈ ಎರಡರ ನೀರನ್ನೂ ಅಲ್ಲ. ನಗರಕ್ಕೆ ನೀರು ಬರುವುದು ಬುಗುಡನಹಳ್ಳಿ ಕೆರೆಯಿಂದ, ಆ ಕೆರೆಗೆ ಬರುವುದು ಹೇಮಾವತಿ. ಹಾಸನ ಜಿಲ್ಲೆಯ ಗೊರೂರಿನ ಅಣೆಕಟ್ಟೆಯಿಂದ ಹೊರಟು, ಬಾಗೂರು–ನವಿಲೆ ಸುರಂಗ ನುಸುಳಿ, ನಾಲೆಯಲ್ಲಿ ಹರಿದು ಬರಬೇಕು. ಆ ನೀರಿನ ಪಾಲಿಗಾಗಿಯೇ ಈಚೆಗೆ ಗುಬ್ಬಿಯ ರೈತರು ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ ಬೀದಿಗಿಳಿದರು. ಕುಣಿಗಲ್ಲಿನವರು ಕಾಲುವೆ ಬೇಕು ಎಂದರು. ಇಬ್ಬರೂ ಶಿಂಷೆಯ ಮಕ್ಕಳೇ, ಜಗಳ ಮಾತ್ರ ಹೇಮಾವತಿಗೆ.

ಗೊರೂರು ಎಂದರೆ ಕನ್ನಡ ಓದುಗರಿಗೆ ರಾಮಸ್ವಾಮಿ ಅಯ್ಯಂಗಾರರ ಊರು. ನನಗೆ ಅದು ಬೇರೆ ಕಾರಣಕ್ಕೆ ಅಂಟಿಕೊಂಡಿತು. ನಮ್ಮ ಶೆಟ್ಟಿಹಳ್ಳಿಯ ಬಗ್ಗೆ ಏನಾದರೂ ದಾಖಲೆ ಸಿಗುತ್ತದೇನೋ ಎಂದು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಆ ಹೆಸರು ಕೊಟ್ಟೆ. ಒಂದು ಶಿವಮೊಗ್ಗದ ಅಭಯಾರಣ್ಯ ಬಂತು. ಉಳಿದದ್ದೆಲ್ಲ ಹಾಸನದ ಶೆಟ್ಟಿಹಳ್ಳಿ, ನೀರಿನ ನಡುವೆ ಸೂರಿಲ್ಲದೆ ನಿಂತ ಚರ್ಚಿನ ಚಿತ್ರಗಳು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ರೋಜರಿ ಚರ್ಚು ಅದು. ಗೊರೂರಿನ ಅಣೆಕಟ್ಟೆ ಎದ್ದಾಗ ಹಿನ್ನೀರು ಊರನ್ನು ನುಂಗಿತು, ಜನ ಬೇರೆ ಕಡೆ ಹೋದರು, ಗೋಡೆಗಳು ಉಳಿದವು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಈಗ ಅದೂ ಪ್ರವಾಸಿ ತಾಣ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಜೋಡಿಗಳು ಹೋಗುತ್ತವೆ.

ಆ ಶೆಟ್ಟಿಹಳ್ಳಿ ಮುಳುಗಿದ ಜಲಾಶಯದ ನೀರು ಈ ಶೆಟ್ಟಿಹಳ್ಳಿಯ ನಲ್ಲಿಗೆ ಬರುತ್ತದೆ. ಇದನ್ನು ಯಾರೂ ಎಲ್ಲೂ ಬಚ್ಚಿಟ್ಟಿಲ್ಲ, ನಕಾಶೆ ಬಿಡಿಸಿದರೆ ಕಾಣುತ್ತದೆ. ಆದರೂ ನನಗೆ ಗೊತ್ತಾಗಲು ಇಪ್ಪತ್ತೇಳು ವರ್ಷ ಹಿಡಿಯಿತು. ನಾನು ದುರ್ಗದ ಕೋಟೆಯನ್ನು ವಿಷಯವಾಗಿ ಆರಿಸಿಕೊಂಡಿದ್ದವನು. ಗೋಡೆ, ಬಾಗಿಲು, ಬುರುಜುಗಳ ಟಿಪ್ಪಣಿ ಎರಡು ಪುಸ್ತಕದಷ್ಟಾಗಿತ್ತು. ಆಮೇಲೆ ಬೆಟ್ಟಕ್ಕೆ ಹೋದಾಗ ಬುರುಜು ಬಿಟ್ಟು ಕೊಳಗಳ ಪಾವಟಿಗೆ ಎಣಿಸತೊಡಗಿದೆ.

ಹೋದ ಬೇಸಿಗೆಯಲ್ಲಿ ಚಿಲುಮೆಯಿಂದ ಒಂದು ಬಾಟಲಿ ನೀರು ತಂದು ಅಜ್ಜಿಗೆ ಕೊಟ್ಟೆ. ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟರು. ಅಷ್ಟರಲ್ಲಿ ಬೀದಿ ನಲ್ಲಿಯಲ್ಲಿ ಸದ್ದಾಯಿತು. ಕೊಡ ಹಿಡಿದು ಹೊರಟ ಅಮ್ಮನನ್ನು ಅಜ್ಜಿ ಎಂದಿನಂತೆ ಕೇಳಿದರು, “ಹೇಮಾವತಿಯೇನೇ, ಬೋರ್ ನೀರೇನೇ?”