ಮಾತು ತಪ್ಪಿದ ನೋಟುಗಳು

ಹಳೆಯ ನಾಣ್ಯ ಕೂಡಿಡುವವರನ್ನು ನಾವೆಲ್ಲ ಬಲ್ಲೆವು. ಅಂಚೆಚೀಟಿ ಅಂಟಿಸುವ ಹುಡುಗರಂತೂ ಒಂದು ಕಾಲಕ್ಕೆ ಬೀದಿಗೊಬ್ಬರು ಇದ್ದರು. ಆದರೆ ಪರದೇಶದ, ಚಲಾವಣೆ ನಿಂತುಹೋದ ಕಾಗದದ ನೋಟುಗಳನ್ನು ಕೂಡಿಡುವವರು ವಿರಳ. ನಾಣ್ಯವಾದರೆ ಕರಗಿಸಿದರೂ ಬೆಳ್ಳಿ ಉಳಿದೀತು. ನಡೆಯದ ನೋಟಿನಿಂದ ಏನು ಪ್ರಯೋಜನ ಎಂದು ಮನೆಯವರು ಕೇಳುವುದು ಸಹಜವೇ. ಆ ಪ್ರಶ್ನೆಗೆ ಪೂರ್ವ ಆಫ್ರಿಕದ ವಸಾಹತು ಕಾಲದ ನೋಟುಗಳು ಒಳ್ಳೆಯ ಉತ್ತರ ಕೊಡುತ್ತವೆ. ಅವುಗಳಲ್ಲಿ ಮೊದಲಿನವು ನಮ್ಮದೇ ರೂಪಾಯಿಯ ಹೆಸರು ಹೊತ್ತವು ಎಂಬುದೂ ಒಂದು ವಿಶೇಷ.

ನೋಟು ಎಂದರೆ ಕೊಡುತ್ತೇನೆಂಬ ಮಾತು. ಆ ಮಾತು ನಡೆದಾಗ ನೋಟು ಹೊರಟ ಕಡೆಗೇ ಹಿಂದಿರುಗಿ, ರಂಧ್ರ ಹೊಡೆಸಿಕೊಂಡು ಬೆಂಕಿಗೆ ಬೀಳುತ್ತದೆ. ನಡೆಯದಿದ್ದಾಗ ನಂಬಿದವನ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಎಲ್ಲ ನೋಟುಗಳಿಗೂ ಈ ಲೆಕ್ಕ ಹೊಂದುವುದಿಲ್ಲವಾದರೂ, ಸಂಗ್ರಾಹಕನ ಪುಸ್ತಕದ ಹಾಳೆ ತಿರುವುವಾಗ ಇದನ್ನು ನೆನಪಿನಲ್ಲಿಟ್ಟಿರುವುದು ಒಳ್ಳೆಯದು.

ರೂಪಾಯಿ ಅಲ್ಲಿಗೆ ಹೋದದ್ದು ಹೇಗೆ? ಗುಜರಾತು, ಕಚ್ಛಗಳ ವರ್ತಕರು ಜಾಂಜಿಬಾರ್, ಮೊಂಬಾಸಗಳಲ್ಲಿ ಬಹು ಹಿಂದಿನಿಂದ ವ್ಯಾಪಾರ ನಡೆಸಿದವರು. ೧೭೮೦ ಎಂಬ ಇಸವಿ ಹೊತ್ತ ಮರಿಯ ತೆರೇಸಾ ರಾಣಿಯ ಬೆಳ್ಳಿ ನಾಣ್ಯದ ಜೊತೆಯಲ್ಲಿ ಅವರ ರೂಪಾಯಿಯೂ ಆ ಕರಾವಳಿಯಲ್ಲಿ ಓಡಾಡುತ್ತಿತ್ತು. ೧೮೯೬ರಲ್ಲಿ ಮೊಂಬಾಸದಿಂದ ಯುಗಾಂಡ ರೈಲುದಾರಿಯ ಕೆಲಸ ಆರಂಭವಾಯಿತು. ಅದಕ್ಕಾಗಿ ಭಾರತದಿಂದ ೩೦,೦೦೦ಕ್ಕೂ ಹೆಚ್ಚು ಕೂಲಿಗಳನ್ನು ಕರೆದೊಯ್ದರು. ೧೯೦೧ರಲ್ಲಿ ಹಳಿ ವಿಕ್ಟೋರಿಯ ಸರೋವರವನ್ನು ಮುಟ್ಟಿತು. ಹಳಿಯೊಡನೆ ರೂಪಾಯಿಯೂ ಒಳನಾಡನ್ನು ಮುಟ್ಟಿತು. ೧೯೦೦ರ ಯುಗಾಂಡ ಒಪ್ಪಂದದಲ್ಲಿ ಗುಡಿಸಲೊಂದಕ್ಕೆ ವರ್ಷಕ್ಕೆ ೩ ರೂಪಾಯಿ ಕಂದಾಯವೆಂದು ಬರೆದರು. ಕವಡೆಯಲ್ಲಿ ವ್ಯವಹಾರ ನಡೆಸುತ್ತಿದ್ದ ರೈತ ರೂಪಾಯಿಯನ್ನು ಎಲ್ಲಿಂದ ತರಬೇಕು? ಬೆಳೆ ಮಾರಬೇಕು, ಇಲ್ಲವೆ ಕೂಲಿಗೆ ಹೋಗಬೇಕು. ಕಂದಾಯದ ಉದ್ದೇಶಗಳಲ್ಲಿ ಅದೂ ಒಂದು.

೧೯೦೫–೦೬ರ ಹೊತ್ತಿಗೆ ಅಲ್ಲಿನ ಬ್ರಿಟಿಷ್ ಸರ್ಕಾರ ೫ ರೂಪಾಯಿಯಿಂದ ೫೦೦ ರೂಪಾಯಿಯವರೆಗೆ ತನ್ನವೇ ನೋಟುಗಳನ್ನು ಮೊಂಬಾಸದ ಹೆಸರಿನಲ್ಲಿ ಹೊರಡಿಸಿತು. ಪೌಂಡಿಗೆ ೧೫ ರೂಪಾಯಿ, ಎಂದರೆ ರೂಪಾಯಿಗೆ ೧ ಷಿಲಿಂಗು ೪ ಪೆನ್ಸ್. ಯುದ್ಧ ಬರುವವರೆಗೆ ಈ ದರಕ್ಕೆ ಯಾರ ತಕರಾರೂ ಇರಲಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಬೆಲೆ ಏರಿತು. ಬೆಳ್ಳಿಯ ಹಿಂದೆ ರೂಪಾಯಿಯೂ ಏರಿತು. ೧೯೨೦ರ ಫೆಬ್ರುವರಿಯ ವೇಳೆಗೆ ಅದು ಎರಡೂವರೆ ಷಿಲಿಂಗನ್ನೂ ದಾಟಿತು. ಕೀನ್ಯದಲ್ಲಿ ಜಮೀನು ಹಿಡಿದಿದ್ದ ಬಿಳಿಯರಿಗೆ ಇದು ಸಂಕಟ ತಂದಿತು. ಅವರ ಕಾಫಿ, ಕತ್ತಾಳೆ ನಾರು ಮಾರಾಟವಾಗುವುದು ಲಂಡನ್ನಿನಲ್ಲಿ, ಪೌಂಡಿಗೆ. ಕೂಲಿ ಮತ್ತು ಸಾಲ ಕೊಡಬೇಕಾದದ್ದು ರೂಪಾಯಿಯಲ್ಲಿ. ಬ್ಯಾಂಕಿನಿಂದ ೧,೫೦೦ ರೂಪಾಯಿ ಸಾಲ ತಂದವನ ಲೆಕ್ಕ ನೋಡಿ. ತಂದಾಗ ಅದು ೧೦೦ ಪೌಂಡು. ರೂಪಾಯಿಗೆ ೨ ಷಿಲಿಂಗಾದ ದಿನ ಅದೇ ಸಾಲ ೧೫೦ ಪೌಂಡು. ರೂಪಾಯಿಯನ್ನು ಹಳೆಯ ದರಕ್ಕೆ ಇಳಿಸಿ ಎಂದು ಅವರು, ಇಳಿಸಬೇಡಿ ಎಂದು ಬ್ಯಾಂಕಿನವರು. ಕೊನೆಗೆ ಲಂಡನ್ನಿನ ಅಧಿಕಾರಿಗಳು ೨ ಷಿಲಿಂಗಿಗೆ ನಿಲ್ಲಿಸಿದರು. ೧೯೧೯ರ ಡಿಸೆಂಬರಿನಲ್ಲಿ ಪೂರ್ವ ಆಫ್ರಿಕ ಕರೆನ್ಸಿ ಬೋರ್ಡನ್ನು ಲಂಡನ್ನಿನಲ್ಲೇ ಸ್ಥಾಪಿಸಿದ್ದರು. ಅದು ರೂಪಾಯಿಯ ಬದಲು ಫ್ಲಾರಿನ್ ಎಂಬ ಹೊಸ ಹಣವನ್ನು ತಂದಿತು. ೧೯೨೦ರ ಮೇ ೧ರ ತಾರೀಖಿನ ಈ ಫ್ಲಾರಿನ್ ನೋಟುಗಳ ಆಯುಸ್ಸು ಎರಡು ವರ್ಷವೂ ಅಲ್ಲ. ಇಂದು ಒಳ್ಳೆಯ ಸ್ಥಿತಿಯಲ್ಲಿರುವ ಒಂದು ಸಿಕ್ಕರೆ ಸಂಗ್ರಾಹಕನಿಗೆ ಹಬ್ಬವೇ ಸರಿ.

ದರ ನಿಲ್ಲಿಸಿದ್ದೇ ತಡ, ಭಾರತದಲ್ಲಿ ರೂಪಾಯಿ ಮತ್ತೆ ಹಳೆಯ ಮಟ್ಟಕ್ಕೆ ಇಳಿಯಿತು! ಇಲ್ಲಿ ೧ ಷಿಲಿಂಗು ೪ ಪೆನ್ಸಿನ ಆಸುಪಾಸಿನಲ್ಲಿದ್ದ ರೂಪಾಯಿಗೆ ಅಲ್ಲಿ ೨ ಷಿಲಿಂಗು. ಹಡಗಿನಲ್ಲಿ ರೂಪಾಯಿ ಕಳ್ಳತನದಿಂದ ಅತ್ತ ಹೋಗತೊಡಗಿತೆಂದು ಬೇರೆ ಹೇಳಬೇಕಾಗಿಲ್ಲ. ೧೯೨೧ರಲ್ಲಿ ಸರ್ಕಾರ ಎಚ್ಚೆತ್ತು ಭಾರತದ ರೂಪಾಯಿಯ ಚಲಾವಣೆಯನ್ನೇ ನಿಲ್ಲಿಸಿತು; ಫ್ಲಾರಿನ್ನನ್ನೂ ಬಿಟ್ಟು, ಅದರ ಅರ್ಧದಷ್ಟು ಬೆಲೆಯ ಷಿಲಿಂಗಿಗೆ ಬಂದಿತು. ಪಟ್ಟಣದ ವರ್ತಕನಿಗೆ ಇಂಥ ಸುದ್ದಿ ಬೇಗ ತಲುಪುತ್ತದೆ. ರೈಲುನಿಲ್ದಾಣದಿಂದ ನಾಲ್ಕು ದಿನದ ನಡಿಗೆಯ ಹಳ್ಳಿಯಲ್ಲಿ ಕಂದಾಯಕ್ಕೆಂದು ಹಣ ಮುಚ್ಚಿಟ್ಟವನಿಗೆ?

ಅದೇ ವರ್ಷ ಪ್ರಪಂಚದ ಪೇಟೆಯಲ್ಲಿ ಬೆಲೆಗಳೂ ಕುಸಿದಿದ್ದವು. ಬಿಳಿಯ ಜಮೀನುದಾರರು ಆಫ್ರಿಕದ ಕೂಲಿಗಳ ಸಂಬಳವನ್ನು ಮೂರರಲ್ಲೊಂದು ಪಾಲು ಕಡಿಯಲು ನಿಶ್ಚಯಿಸಿದರು. ನೈರೋಬಿಯ ಖಜಾನೆಯಲ್ಲಿ ಟೆಲಿಫೋನಿನ ಕೆಲಸ ನೋಡಿಕೊಳ್ಳುತ್ತಿದ್ದ ಹ್ಯಾರಿ ಥುಕು ಎಂಬ ತರುಣ ಇದನ್ನು ವಿರೋಧಿಸಿ ಸಂಘ ಕಟ್ಟಿದ. ೧೯೨೨ರ ಮಾರ್ಚಿಯಲ್ಲಿ ಅವನನ್ನು ಹಿಡಿದಾಗ ಬಿಡುಗಡೆ ಕೇಳಿ ನೆರೆದ ಜನರ ಮೇಲೆ ಗುಂಡು ಹಾರಿತು. ಸರ್ಕಾರದ ಲೆಕ್ಕದಲ್ಲೇ ಸತ್ತವರು ಇಪ್ಪತ್ತಕ್ಕೂ ಹೆಚ್ಚು. ಆಗಿನ ಐದು ಷಿಲಿಂಗಿನ ನೋಟನ್ನು ನೋಡಿದರೆ ಇದರ ಸುಳಿವೇ ಇಲ್ಲ. ಒಂದು ಮಗ್ಗುಲಲ್ಲಿ ಐದನೆಯ ಜಾರ್ಜ್ ದೊರೆ, ಇನ್ನೊಂದರಲ್ಲಿ ಬೆಟ್ಟದ ಹಿನ್ನೆಲೆಯ ಸಿಂಹ. ಬೆಲೆಯನ್ನು ಇಂಗ್ಲಿಷಿನ ಜೊತೆಗೆ ಅರಬ್ಬಿ ಲಿಪಿಯಲ್ಲೂ ಗುಜರಾತಿಯಲ್ಲೂ ಅಚ್ಚುಹಾಕಿದ್ದಾರೆ. ರೂಪಾಯಿ ಹೋದರೂ ಅಂಗಡಿಯವನ ಅಕ್ಷರ ಉಳಿಯಿತು.

ಜಾಂಜಿಬಾರಿನ ಕಥೆ ಇದಕ್ಕಿಂತ ನೆಮ್ಮದಿಯದು. ಅಲ್ಲಿನ ಸರ್ಕಾರ ೧೯೦೮ರಿಂದ ಹಾಯಿಹಡಗು ಮತ್ತು ಲವಂಗದ ಕೊಯ್ಲಿನ ಚಿತ್ರಗಳಿದ್ದ ರೂಪಾಯಿ ನೋಟುಗಳನ್ನು ಹೊರಡಿಸಿತ್ತು. ೧೯೩೬ರಲ್ಲಿ ರೂಪಾಯಿಗೆ ಒಂದೂವರೆ ಷಿಲಿಂಗಿನಂತೆ ಕೊಟ್ಟು ಅವನ್ನು ಹಿಂದಕ್ಕೆ ಪಡೆದರು. ಮಾತು ನಡೆಯಿತು, ನೋಟು ಮಾಯವಾಯಿತು. ಈಗ ಅವುಗಳಿಗೆ ಹರಾಜಿನಲ್ಲಿ ಸಾಮಾನ್ಯರು ಕೈಹಾಕುವಂತಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಪಕ್ಕದ ಜರ್ಮನ್ ಪೂರ್ವ ಆಫ್ರಿಕ, ಈಗಿನ ಟಾಂಜಾನಿಯದ ಮುಖ್ಯ ಭೂಭಾಗ. ಜರ್ಮನರೂ ತಮ್ಮ ನಾಣ್ಯವನ್ನು ರೂಪೀ ಎಂದೇ ಕರೆದರು. ಮೊದಲು ಒಂದಕ್ಕೆ ೬೪ ಪೇಸ. ೧೯೫೭ಕ್ಕೆ ಮುಂಚಿನ ನಮ್ಮ ರೂಪಾಯಿಗೆ ೬೪ ಪೈಸೆ ಎಣಿಸಿದವರಿಗೆ ಈ ಲೆಕ್ಕ ಹೊಸತಲ್ಲ. ೧೯೦೫ರಲ್ಲಿ ಅವರ ಬ್ಯಾಂಕು ತಂದ ಅಂದವಾದ ನೋಟುಗಳಲ್ಲಿ ಸಿಂಹಗಳೂ ಕೈಸರನ ಚಿತ್ರವೂ ಇದ್ದವು. ೧೯೧೪ರಲ್ಲಿ ಬ್ರಿಟಿಷ್ ನೌಕಾಪಡೆ ಕಡಲನ್ನು ಅಡ್ಡಗಟ್ಟಿದ ಮೇಲೆ ನೋಟು ಬರುವುದು ನಿಂತಿತು. ಸಿಪಾಯಿಗೆ, ಹೊರೆಯಾಳಿಗೆ ಸಂಬಳ ಕೊಡಬೇಕಲ್ಲ? ೧೯೧೫ರಿಂದ ಅಲ್ಲೇ, ಸಿಕ್ಕಿದ ಕಾಗದದ ಮೇಲೆ ಅಚ್ಚುಹಾಕತೊಡಗಿದರು. ಟಬೋರದ ರೈಲು ಕಾರ್ಖಾನೆಯಲ್ಲಿ ೧೯೧೬ರಲ್ಲಿ ಆನೆಯ ಚಿತ್ರದ ಚಿನ್ನದ ೧೫ ರೂಪೀ ನಾಣ್ಯವನ್ನೂ ಹೊಡೆದರು. ಆ ಊರೂ ಕೈಬಿಟ್ಟು ಸೇನೆ ಕಾಡು ಸೇರಿದಾಗ, ೧೯೧೭ರಲ್ಲಿ, ಮಕ್ಕಳ ಆಟಿಕೆಯ ರಬ್ಬರ್ ಅಚ್ಚಿನಿಂದ ಒತ್ತಿದ ನೋಟುಗಳು ಹೊರಟವಂತೆ. ಇವಕ್ಕೆ ಕಾಡುನೋಟುಗಳೆಂದೇ ಹೆಸರು. ಒರಟು ಕಾಗದ, ವಾಲಿದ ಅಕ್ಷರ, ಕೈಯಲ್ಲಿ ಹಾಕಿದ ರುಜು. ನಕಲಿ ಮಾಡುವುದು ಸುಲಭ; ಆದ್ದರಿಂದ ಕೊಳ್ಳುವವರು ಅಚ್ಚಿನ ಒಂದೊಂದು ಅಕ್ಷರವನ್ನೂ ರುಜುವನ್ನೂ ಭೂತಗನ್ನಡಿ ಹಿಡಿದು ನೋಡಬೇಕು. ಆದರೆ ೧೯೧೫, ೧೯೧೬ರ ಒಂದು ರೂಪೀಯ ನೋಟುಗಳಲ್ಲಿ ಹಲವು ಇಂದಿಗೂ ಅಗ್ಗ. ಸೋತ ಸರ್ಕಾರದ ಕಾಗದ ಹಿಂದಿರುಗಲು ಗಲ್ಲೆಯೇ ಇರಲಿಲ್ಲ.

ಕೊನೆಕೊನೆಗೆ ಕಾಗದವೂ ಮುಗಿದು, ಅಸ್ಕಾರಿಗಳೆಂಬ ಆಫ್ರಿಕದ ಸಿಪಾಯಿಗಳು ಸಂಬಳವಿಲ್ಲದೆ ನಡೆದರು. ೧೯೧೮ರ ನವೆಂಬರಿನಲ್ಲಿ ಸೇನೆ ಶರಣಾದಾಗ ಅವರ ಕೈಯಲ್ಲಿ ಉಳಿದದ್ದು ಬಾಕಿಯ ಚೀಟಿ. ನಾಲ್ವತ್ತಾರು ವರ್ಷಗಳ ಅನಂತರ, ೧೯೬೪ರಲ್ಲಿ, ಪಶ್ಚಿಮ ಜರ್ಮನಿಯ ಸಂಸತ್ತು ಆ ಬಾಕಿ ತೀರಿಸಲು ಒಪ್ಪಿತು. ಹಣ ಹಂಚಲು ಬಂದ ಅಧಿಕಾರಿಯೊಬ್ಬರ ಕಥೆಯನ್ನು ಯುದ್ಧದ ಇತಿಹಾಸ ಬರೆದವರು ಹೇಳುತ್ತಾರೆ. ಮ್ವಾಂಜ ಊರಿನಲ್ಲಿ ಮುದುಕರು ನೂರಾರು ಮಂದಿ ನೆರೆದರು. ಚೀಟಿ ಉಳಿಸಿಕೊಂಡಿದ್ದವರು ಕೆಲವರೇ. ಅಧಿಕಾರಿ ಯೋಚಿಸಿ ಒಬ್ಬೊಬ್ಬರ ಕೈಗೂ ಒಂದು ಪೊರಕೆ ಕೊಟ್ಟು, ಜರ್ಮನ್ ಭಾಷೆಯಲ್ಲಿ ಕವಾಯತಿನ ಆಜ್ಞೆ ಕೂಗಿದರಂತೆ. ಒಬ್ಬನೂ ತಪ್ಪಲಿಲ್ಲವಂತೆ.